ಸಾಲು ತಪ್ಪಿ ಮೇಜರ್ ಆದ ಟಿಡ್‌ವೆಲ್

ಹೆಜೆಕಾಯ ಟಿಡ್‌ವೆಲ್ ತನ್ನ ರಾಜ್ಯದ ರಾಜಧಾನಿಗೆ ಹೋದದ್ದು ಉಪ್ಪು ತರಲಿಕ್ಕೆ. ಇದನ್ನು ಮೊದಲೇ ಸ್ಪಷ್ಟಮಾಡಿಬಿಡುವುದು ಒಳ್ಳೆಯದು. ಯಾಕೆಂದರೆ ಮುಂದೆ ಸಾರೆಲ್ ಗ್ಯಾಪ್ ಊರಿನಲ್ಲಿ ಅವನ ಬಗ್ಗೆ ಹುಟ್ಟಿಕೊಂಡ ಮಾತುಗಳಲ್ಲಿ ದೇಶಪ್ರೇಮ, ದೂರಾಲೋಚನೆ, ಕುತಂತ್ರ ಎಲ್ಲವೂ ಇದ್ದವು, ಉಪ್ಪೊಂದು ಇರಲಿಲ್ಲ.

ದಕ್ಷಿಣದ ರಾಜ್ಯಗಳು ಸೇರಿ ಬೇರೆ ದೇಶ ಮಾಡಿಕೊಂಡು ಉತ್ತರದವರ ಮೇಲೆ ಯುದ್ಧ ಹೂಡಿ ಎರಡು ವರ್ಷವಾಗಿತ್ತು. ಎರಡು ತಿಂಗಳಲ್ಲಿ ಗೆದ್ದು ಬರುತ್ತೇವೆ ಎಂದು ಹೊರಟ ಹುಡುಗರು ಇನ್ನೂ ಬಂದಿರಲಿಲ್ಲ. ಉತ್ತರದವರು ಬಂದರುಗಳನ್ನೆಲ್ಲ ಮುಚ್ಚಿ ಕೂತಿದ್ದರಿಂದ ಕಾಫಿ ಮಾಯವಾಗಿ, ಹುರಿದ ಗೆಣಸಿನ ಪುಡಿಯ ಕಷಾಯವೇ ಕಾಫಿ ಎನಿಸಿಕೊಂಡಿತ್ತು. ಉಪ್ಪು ಸಿಗುವುದು ಸರ್ಕಾರದ ಉಗ್ರಾಣದಲ್ಲಿ ಮಾತ್ರ. ಇತ್ತ ಚಳಿ ಶುರುವಾಗಿ ಹಂದಿ ಕಡಿಯುವ ಕಾಲ ಬಂದಿತ್ತು. ಉಪ್ಪು ಹಚ್ಚದ ಮಾಂಸ ಎಷ್ಟು ದಿನ ನಿಂತೀತು? ಹೆಂಡತಿ ಪರ್ಮೀಲಿಯಾ ಗಂಡನ ಕೈಗೆ ಎರಡು ಚೀಲ ಕೊಟ್ಟು, ಬರಿಗೈಯಲ್ಲಿ ಮಾತ್ರ ಬರಬೇಡಿ ಎಂದು ಹೇಳಿ ಕಳಿಸಿದಳು.

ಹೆಜೆಕಾಯ ಕುರ್ಚಿ ಮಾಡುವವನು. ಹಿಕರಿ ಮರದ ಕಾಲು, ನಾರು ಹೆಣೆದ ಕೂರುಮಣೆ. ಅವನ ಕುರ್ಚಿ ಅಲುಗಾಡಿದ್ದನ್ನು ಕಂಡವರಿಲ್ಲ. ಉಳಿದ ವಿಷಯಗಳಲ್ಲಿ ಮಾತ್ರ ಅವನೇ ಅಲುಗಾಡುತ್ತಿದ್ದ. ಸಂತೆಗೆ ಹೊರಟರೆ ಇಗರ್ಜಿಗೆ ತಲುಪುವ, ಮದುವೆಯ ಮನೆಯಲ್ಲಿ ಸಂತಾಪ ಹೇಳಿ ಬರುವ ಜಾತಿ.

ರಾಜಧಾನಿಯ ದೊಡ್ಡ ಕಟ್ಟಡದ ಮುಂದೆ ಎರಡು ಸಾಲುಗಳಿದ್ದವು. ಒಂದರಲ್ಲಿ ಹರಿದ ಶಾಲು ಹೊದ್ದ ಹೆಂಗಸರು, ಕೈಯಲ್ಲಿ ಚೀಲ. ಇನ್ನೊಂದರಲ್ಲಿ ಗಟ್ಟಿಮುಟ್ಟಾದ ಗಂಡಸರು, ತಲೆಗೆ ಎಣ್ಣೆ, ಕಾಲಿಗೆ ಬೂಟು. ಹೆಂಗಸರ ಸಾಲಿನಲ್ಲಿ ನಿಲ್ಲುವುದು ಸಭ್ಯತೆಯಲ್ಲ ಎಂದು ಹೆಜೆಕಾಯ ಗಂಡಸರ ಸಾಲಿನಲ್ಲಿ ನಿಂತ. ಉಪ್ಪು ಒಯ್ಯಲು ಬಂದವರು ಚೀಲ ಯಾಕೆ ತಂದಿಲ್ಲ ಎಂಬ ಯೋಚನೆ ಅವನಿಗೆ ಒಮ್ಮೆ ಬಂತು. ದೊಡ್ಡವರು, ಆಳುಗಳು ಹಿಂದೆ ಬರುತ್ತಿರಬಹುದು ಎಂದುಕೊಂಡು ಸಮಾಧಾನಪಟ್ಟ.

ಆ ಸಾಲು ನಾಡಪಡೆಯ ಅಧಿಕಾರಿಗಳ ನೇಮಕದ್ದು. ಅದರ ಮಹಿಮೆಯೇ ಬೇರೆ. ರಿಚ್ಮಂಡಿನಲ್ಲಿದ್ದ ದಕ್ಷಿಣದ ದೊಡ್ಡ ಸರ್ಕಾರ ಗಂಡಸರನ್ನೆಲ್ಲ ಹಿಡಿದು ಯುದ್ಧಕ್ಕೆ ಕಳಿಸುತ್ತಿತ್ತು. ಆದರೆ ರಾಜ್ಯವನ್ನು ಆಳುತ್ತಿದ್ದ ಗವರ್ನರ್ ಸಾಹೇಬರಿಗೂ ರಿಚ್ಮಂಡಿಗೂ ಆಗಿಬರುತ್ತಿರಲಿಲ್ಲ. ನನ್ನ ರಾಜ್ಯದ ನಾಡಪಡೆಯಲ್ಲಿ ನಾನು ನೇಮಿಸಿದ ಅಧಿಕಾರಿಗಳನ್ನು ಯಾರೂ ಮುಟ್ಟಕೂಡದು ಎಂದು ಅವರು ಪಟ್ಟು ಹಿಡಿದಿದ್ದರು. ಸಿಪಾಯಿಯನ್ನು ಹಿಡಿಯಬಹುದು, ಅಧಿಕಾರಿಯನ್ನು ಹಿಡಿಯುವಂತಿಲ್ಲ. ಅಂದರೆ ಯುದ್ಧದಿಂದ ತಪ್ಪಿಸಿಕೊಳ್ಳಲು ಇದ್ದ ಅತ್ಯಂತ ಸುಲಭವಾದ ದಾರಿ ಸೈನ್ಯದ ಅಧಿಕಾರಿಯಾಗುವುದು. ಇಂಥ ಏರ್ಪಾಡು ಮಾಡಲು ಬುದ್ಧಿವಂತರೇ ಬೇಕು.

ಸಂಜೆಯ ಹೊತ್ತಿಗೆ ಹೆಜೆಕಾಯನ ಸರದಿ ಬಂತು. ಮೇಜಿನ ಹಿಂದೆ ಕೂತಿದ್ದ ಗುಮಾಸ್ತ ಬೆಳಗಿನಿಂದ ತಲೆ ಎತ್ತಿರಲಿಲ್ಲ.

"ಯಾವುದು ಬೇಕು?" ಎಂದ ಗುಮಾಸ್ತ. "ದೊಡ್ಡದೋ ಸಣ್ಣದೋ?"

ಹೆಜೆಕಾಯ ಯೋಚಿಸಿದ. ಪುಡಿ ಉಪ್ಪಿಗಿಂತ ಹರಳುಪ್ಪು ಮಾಂಸಕ್ಕೆ ಚೆನ್ನಾಗಿ ಹಿಡಿಯುತ್ತದೆ. "ದೊಡ್ಡದೇ ಕೊಡಿ ಸ್ವಾಮಿ. ನಮ್ಮ ಕಡೆ ಅದೇ ನಡೆಯೋದು."

"ಒಂದು ಊರಿಗೆ ಸಾಕೋ, ಇಡೀ ತಾಲ್ಲೂಕಿಗೋ?"

"ತಾಲ್ಲೂಕಿಗೇ ಆದ್ರೆ ಪುಣ್ಯ ಕಟ್ಕೋತೀರಿ. ಎಲ್ಲರ ಮನೇಲೂ ಅದೇ ಕಷ್ಟ."

ಗುಮಾಸ್ತ ಏನನ್ನೋ ಬರೆದ, ಬೈಬಲ್ ಮುಂದೆ ತಳ್ಳಿದ, ಹೇಳಿಕೊಟ್ಟಂತೆ ಹೇಳು ಎಂದ. ಮೈಯಲ್ಲಿ ಕೊನೆಯ ಹನಿ ರಕ್ತ ಇರುವವರೆಗೂ ಕಾಪಾಡುತ್ತೇನೆ, ಶತ್ರುವಿನ ಕೈಗೆ ಬಿಡುವುದಿಲ್ಲ ಎಂದು ಹೆಜೆಕಾಯ ಕೈ ಇಟ್ಟು ಪ್ರಮಾಣ ಮಾಡಿದ. ಉಪ್ಪು ಇಷ್ಟು ತುಟ್ಟಿಯಾಗಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಕಣ್ಣಲ್ಲಿ ನೀರೇ ಬಂತು. ಕೊಟ್ಟ ಕಾಗದವನ್ನು ಮಡಚಿ ಹಿಡಿದುಕೊಂಡು ಉಗ್ರಾಣ ಎಲ್ಲಿ ಎಂದು ಬಾಗಿಲ ಕಾವಲಿನವನನ್ನು ಕೇಳಿದ. ಅವನು ಕಾಗದ ನೋಡಿ ಕಾಲಿಗೆ ಕಾಲು ಬಡಿದು ಸಲಾಮು ಹೊಡೆದು, ಶುಭವಾಗಲಿ ಮೇಜರ್ ಸಾಹೇಬರೇ ಎಂದ.

ವಿಷಯ ತಿಳಿದ ಹೆಜೆಕಾಯ ಗಾಬರಿಯಾಗಿ ಒಳಗೆ ಓಡಿ, ಇದು ನನಗೆ ಬೇಡ, ವಾಪಸು ತಗೊಳ್ಳಿ ಎಂದು ಬೇಡಿಕೊಂಡ. ಸಾಲಿನಲ್ಲಿದ್ದ ಗಂಡಸರು ಅವನನ್ನು ಹಿಡಿದು ಆಚೆ ನೂಕಿದರು. ಜೀವ ಉಳಿಸುವ ಹುದ್ದೆಯನ್ನು ಬೇಡವೆನ್ನುವವನು ಒಂದೋ ಹುಚ್ಚ, ಇಲ್ಲವೇ ಇನ್ನೂ ದೊಡ್ಡದಕ್ಕೆ ಹೊಂಚುಹಾಕುತ್ತಿರುವವನು ಎಂದು ಅವರ ತೀರ್ಮಾನ. ಅಷ್ಟರಲ್ಲಿ ಹೆಂಗಸರ ಸಾಲು ಕರಗಿ, ಉಗ್ರಾಣದ ಬಾಗಿಲು ಮುಚ್ಚಿತ್ತು.

ಮನೆಗೆ ಬಂದಾಗ ಪರ್ಮೀಲಿಯಾ ಖಾಲಿ ಚೀಲಗಳನ್ನು ಕೊಡವಿ ನೋಡಿದಳು.

"ರೀ ಟಿಡ್‌ವೆಲ್, ಉಪ್ಪೆಲ್ಲಿ?"

"ಉಪ್ಪು ಸಿಗಲಿಲ್ಲ ಕಣೆ. ಮೇಜರ್ ಮಾಡಿದ್ರು."

ಪರ್ಮೀಲಿಯಾ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಹಂದಿಗೆ ಹಚ್ಚೋಕಾಗತ್ತಾ ಇದನ್ನ?" ಎಂದು ಕೇಳಿದಳು. ಆಗುವುದಿಲ್ಲ ಎಂದು ಅವನು ಒಪ್ಪಿಕೊಂಡ. ಆ ವರ್ಷ ಅವರು ಹಂದಿಯನ್ನು ಕಡಿಯಲಿಲ್ಲ. ಯುದ್ಧದಿಂದ ಲಾಭ ಪಡೆದ ಮೊದಲ ಜೀವ ಅದೇ.

ವಾರ ಕಳೆಯುವುದರಲ್ಲಿ ರಿಚ್ಮಂಡ್ ಸರ್ಕಾರದ ಭರ್ತಿ ಅಧಿಕಾರಿ, ಕ್ರೆನ್‌ಷಾ ಎಂಬ ಲೆಫ್ಟಿನೆಂಟ್, ನಾಲ್ಕು ಬಂದೂಕಿನವರೊಂದಿಗೆ ಊರಿಗೆ ಬಂದ. ಬಡಗಿ ಕೆಲಸದವರು ಸೇತುವೆ ಕಟ್ಟಲು ಬೇಕೆಂದು ನೇರವಾಗಿ ಹೆಜೆಕಾಯನ ಅಂಗಳಕ್ಕೇ ನುಗ್ಗಿದ. ಕೊಟ್ಟಿಗೆಯ ಹಿಂದೆ ಬಚ್ಚಿಟ್ಟುಕೊಂಡಿದ್ದ ಗಂಡನನ್ನು ಪರ್ಮೀಲಿಯಾ ಕೊರಳಪಟ್ಟಿ ಹಿಡಿದು ಈಚೆಗೆ ತಂದು, ಕಾಗದವನ್ನು ಲೆಫ್ಟಿನೆಂಟನ ಮೂಗಿನ ಮುಂದೆ ಹಿಡಿದಳು. ಲೆಫ್ಟಿನೆಂಟ್ ಓದಿದ. ಮುಖ ಕೆಂಪಾಯಿತು. ಆಮೇಲೆ, ಬೇಲಿಯ ಮೇಲೆ ಸಾಲಾಗಿ ಒರಗಿ ನಿಂತಿದ್ದ ನೆರೆಹೊರೆಯವರೆಲ್ಲ ನೋಡುತ್ತಿರುವಂತೆ, ಕೂದಲಿನಲ್ಲಿ ಹುಲ್ಲುಕಡ್ಡಿ ಸಿಕ್ಕಿಸಿಕೊಂಡಿದ್ದ ಹೆಜೆಕಾಯನಿಗೆ ಸಲಾಮು ಹೊಡೆದು ಹೊರಟುಹೋದ.

ಬೇಲಿಯ ಮೇಲಿದ್ದವರಲ್ಲಿ ಅಂಗಡಿಯ ಡಾಕ್ ಮೊಬ್ಲಿಯೂ ಒಬ್ಬ. ಎರಡು ವರ್ಷದಿಂದ ಅಂಗಡಿಯ ಮುಂದೆ ಪೀಪಾಯಿಯ ಮೇಲೆ ಹತ್ತಿ ನಿಂತು, ಊರಿನ ಹುಡುಗರಿಗೆ ದೇಶಕ್ಕಾಗಿ ಸಾಯುವುದರ ಸುಖವನ್ನು ವರ್ಣಿಸುತ್ತಿದ್ದವನು ಅವನೇ.

"ಲೋ ಹೆಜೆಕಾಯ, ಎಷ್ಟು ಗುಮ್ಮನಗುಸಕ ಕಣೋ ನೀನು," ಎಂದ ಮೊಬ್ಲಿ. "ಆ ಸಾಲು ಎಲ್ಲಿ ನಿಲ್ಲತ್ತೆ ಹೇಳು."

"ಉಪ್ಪಿನ ಸಾಲಿನ ಪಕ್ಕ," ಎಂದ ಹೆಜೆಕಾಯ.

ಮರುದಿನ ರಾಜಧಾನಿಯ ದಾರಿಯಲ್ಲಿ ಧೂಳು ಅಡಗಲಿಲ್ಲ. ಮೊಬ್ಲಿ ಕ್ಯಾಪ್ಟನ್ ಆಗಿ ಬಂದ. ಕುದುರೆಯ ಹಲ್ಲು ಕೀಳುವವನು ಪಡೆಯ ವೈದ್ಯನಾಗಿ ಬಂದ. ಲೆಕ್ಕ ಬಾರದವನು ಸಂಬಳ ಹಂಚುವ ಅಧಿಕಾರಿಯಾದ. ಹಂಚಲು ಸಂಬಳ ಇರಲಿಲ್ಲವಾದ್ದರಿಂದ ತೊಂದರೆಯಾಗಲಿಲ್ಲ.

ಎಲ್ಲರಿಗಿಂತ ನೊಂದವರು ಜಡ್ಜ್ ಪ್ರೂಯಿಟ್. ಊರಿನ ದೊಡ್ಡ ತೋಟದ ಧಣಿ. ಇಪ್ಪತ್ತಕ್ಕೆ ಮೇಲ್ಪಟ್ಟು ಗುಲಾಮರಿದ್ದವರು ಯುದ್ಧಕ್ಕೆ ಹೋಗಬೇಕಾಗಿಲ್ಲವೆಂದು ಕಾನೂನೇ ಇದ್ದುದರಿಂದ ಅವರ ಜೀವಕ್ಕೇನೂ ಭಯವಿರಲಿಲ್ಲ. ಗುಲಾಮಗಿರಿ ಉಳಿಯಲೆಂದೇ ಹೂಡಿದ ಯುದ್ಧದಲ್ಲಿ, ಗುಲಾಮರಿದ್ದವರು ಮನೆಯಲ್ಲಿ ಉಳಿಯುವುದು ನ್ಯಾಯವೇ ಎಂದು ಅವರೇ ತೀರ್ಪು ಕೊಟ್ಟುಕೊಂಡಿದ್ದರು. ಆದರೆ ಕುರ್ಚಿ ಮಾಡುವವನು ಮೇಜರ್ ಆಗಿ ತಾವು ಬರೀ ಜಡ್ಜ್ ಆಗಿರುವುದೆಂದರೆ ಏನು? ಅವರು ಸಾರೋಟು ಕಟ್ಟಿಸಿಕೊಂಡು ಹೋಗಿ ಕರ್ನಲ್ ಆಗಿ ಬಂದರು. ಅಂದಿನಿಂದ ತಿಂಗಳಿಗೊಮ್ಮೆ ಅವರ ಮನೆಯಲ್ಲಿ ಅಧಿಕಾರಿಗಳ ಔತಣ. ಸಾರೋಟು ಹೊಡೆಯುತ್ತಿದ್ದ ಐಶಮ್ ಎಂಬ ಗುಲಾಮ ಬಾಗಿಲಲ್ಲಿ ನಿಂತು, ಬಂದವರ ಹೆಸರನ್ನೂ ಹುದ್ದೆಯನ್ನೂ ಕೂಗಿ ಹೇಳಬೇಕು. ಒಂದು ತಪ್ಪಿದರೂ ಬೈಗುಳ. ಐಶಮ್ ಒಂದನ್ನೂ ತಪ್ಪುತ್ತಿರಲಿಲ್ಲ. ಅವನ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಹೆಜೆಕಾಯನನ್ನು ಮಾತ್ರ ಔತಣಕ್ಕೆ ಕರೆಯುತ್ತಿರಲಿಲ್ಲ. ಅಲ್ಲಿಯ ಕುರ್ಚಿಗಳೆಲ್ಲ ಅವನು ಮಾಡಿದ್ದವು. ಕೂರುವುದು ಬೇರೆ ವಿಷಯ.

ಹೀಗೆ ಸಾರೆಲ್ ಗ್ಯಾಪಿನ ನಾಡಪಡೆ ತಯಾರಾಯಿತು. ಊರಿನ ಗಂಡಸರೆಲ್ಲ ಅಧಿಕಾರಿಗಳು. ಸಿಪಾಯಿಯಾಗಿ ಉಳಿದವನು ಒಬ್ಬನೇ, ಜೋಳದ ಗಿರಣಿಯ ಓರನ್ ಸ್ಪ್ರೇಬೆರಿ. ವಯಸ್ಸು ಅರವತ್ತು ದಾಟಿತ್ತು, ಒಂದು ಕಿವಿ ಕೇಳಿಸುತ್ತಿರಲಿಲ್ಲ. ಅವನಿಗೆ ಅಧಿಕಾರಿಯಾಗುವುದು ಬೇಕಿರಲಿಲ್ಲವೆಂದಲ್ಲ. ಅಷ್ಟು ದೂರ ಹೋಗಲು ಬೇಸರ.

ಕವಾಯತಿನ ದಿನ ನ್ಯಾಯಾಲಯದ ಅಂಗಳದಲ್ಲಿ ಊರಿಗೆ ಊರೇ ನೆರೆಯಿತು. ಅಧಿಕಾರಿಗಳು ಒಂದು ಕಡೆ ಕತ್ತಿ ಹಿರಿದು ನಿಂತರು. ಎದುರಿಗೆ, ಸಾಲಾಗಿ, ಸ್ಪ್ರೇಬೆರಿ. ಕರ್ನಲ್ ಪ್ರೂಯಿಟ್ ಬಲಕ್ಕೆ ತಿರುಗೆಂದರು. ಕ್ಯಾಪ್ಟನ್ ಮೊಬ್ಲಿ ಎಡಕ್ಕೆ ಅಂದ. ವೈದ್ಯ ನಾಲಿಗೆ ತೋರಿಸು ಎಂದ. ಇನ್ನೊಬ್ಬ ಕ್ಯಾಪ್ಟನ್ ಎರಡು ಭಾಗವಾಗಿ ಶತ್ರುವನ್ನು ಸುತ್ತುವರಿಯಲು ಆಜ್ಞಾಪಿಸಿದ. ಹೆಜೆಕಾಯನನ್ನು ಏನಾದರೂ ಹೇಳು ಎಂದು ತಿವಿದಾಗ ಅವನು, ಹುಷಾರಾಗಿ ನಡೀರಿ ಮಾವ, ಕೆಸರಿದೆ ಎಂದ.

ಸ್ಪ್ರೇಬೆರಿ ಬಂದೂಕನ್ನು ಮರಕ್ಕೆ ಒರಗಿಸಿ ಬುಡದಲ್ಲಿ ಕೂತುಬಿಟ್ಟ. "ನೀವೆಲ್ಲ ಮೊದ್ಲು ಒಂದು ಮಾತಿಗೆ ಬನ್ರಪ್ಪ. ಅಲ್ಲೀವರ್ಗೆ ನಾನು ಕೂತಿರ್ತೀನಿ. ಇಲ್ಲಾಂದ್ರೆ ನಾಳೆಯಿಂದ ಬರೋದೇ ಇಲ್ಲ."

ಈ ಮಾತಿಗೆ ಪಡೆಯೆಲ್ಲ ತಣ್ಣಗಾಯಿತು. ಇದ್ದ ಒಬ್ಬ ಸಿಪಾಯಿ ಬಿಟ್ಟುಹೋದರೆ ಪಡೆಯೇ ಇಲ್ಲ. ಪಡೆ ಇಲ್ಲದಿದ್ದರೆ ಅಧಿಕಾರಿಗಳು ಯಾವುದಕ್ಕೆ ಅಧಿಕಾರಿಗಳು? ಕ್ರೆನ್‌ಷಾ ಎಲ್ಲರನ್ನೂ ಹಗ್ಗ ಕಟ್ಟಿ ಎಳೆದೊಯ್ಯುತ್ತಾನೆ. ಅಂದಿನಿಂದ ಸ್ಪ್ರೇಬೆರಿಯ ಗಿರಣಿಗೆ ಕ್ಯಾಪ್ಟನ್ನುಗಳ ಮನೆಯಿಂದ ಕೋಳಿ, ಕರ್ನಲ್ ಮನೆಯಿಂದ ಪೀಚ್ ಹಣ್ಣಿನ ಸಾರಾಯಿ ಹೋಗತೊಡಗಿತು. ಅವನು ಕೆಮ್ಮಿದರೆ ವೈದ್ಯ ಓಡುತ್ತಿದ್ದ. ಲೋಕದ ಯಾವ ಸೈನ್ಯದಲ್ಲೂ ಒಬ್ಬ ಸಿಪಾಯಿಯ ಆರೋಗ್ಯಕ್ಕಾಗಿ ಇಷ್ಟು ಅಧಿಕಾರಿಗಳು ಪ್ರಾರ್ಥನೆ ಮಾಡಿದ ಉದಾಹರಣೆಯಿಲ್ಲ.

ಮುಂದಿನ ಬೇಸಿಗೆಯಲ್ಲಿ ಉತ್ತರದ ಸೈನ್ಯ ಬೆಟ್ಟ ಇಳಿದು ರಾಜ್ಯದೊಳಗೇ ಬಂತು. ಗವರ್ನರ್ ಸಾಹೇಬರು ಸುತ್ತ ನೋಡಿದರು. ಸಿಪಾಯಿಗಳೆಲ್ಲ ದೂರದ ರಣರಂಗಗಳಲ್ಲಿ. ಕೈಗೆ ಸಿಗುವಂತಿದ್ದವರು ತಾವೇ ನೇಮಿಸಿದ ಸಾವಿರಾರು ಅಧಿಕಾರಿಗಳು. ಎಲ್ಲ ಅಧಿಕಾರಿಗಳೂ ಬಂದೂಕು ಹಿಡಿದು ಕೂಡಲೇ ನದಿಯ ದಂಡೆಗೆ ಬರತಕ್ಕದ್ದು, ಬಾರದವರು ಅಂದೇ ಹುದ್ದೆ ಕಳೆದುಕೊಂಡು ರಿಚ್ಮಂಡಿನವರ ಪಾಲಾಗತಕ್ಕದ್ದು ಎಂದು ಅಪ್ಪಣೆ ಹೊರಟಿತು.

ಸಾರೆಲ್ ಗ್ಯಾಪಿನಲ್ಲಿ ಒಂದೇ ದಿನಕ್ಕೆ ಸೊಂಟನೋವಿನ ಸಾಂಕ್ರಾಮಿಕ ಎದ್ದಿತು. ವೈದ್ಯನಿಗೇ ಮೊದಲು ತಗುಲಿತು. ಕರ್ನಲ್ ಪ್ರೂಯಿಟ್ ಮಾತ್ರ ನಿಶ್ಚಿಂತರಾಗಿದ್ದರು. ಹುದ್ದೆ ಹೋದರೆ ಹೋಗಲಿ, ತಮಗೆ ಇಪ್ಪತ್ತು ಜನರ ಕಾನೂನಿದೆ ಎಂದರು. ಮರುದಿನ ಬೆಳಿಗ್ಗೆ ಗೆಣಸಿನ ಕಾಫಿ ತರಲು ಕೂಗಿದರೆ ಯಾರೂ ಬರಲಿಲ್ಲ. ಉತ್ತರದ ಸೈನ್ಯ ಹತ್ತಿರ ಬಂದಿದೆಯೆಂದು ತಿಳಿದು ತೋಟದ ಜನರೆಲ್ಲ ಮಕ್ಕಳುಮರಿ ಕಟ್ಟಿಕೊಂಡು ಅತ್ತ ಹೊರಟುಹೋಗಿದ್ದರು. ಸಾರೋಟನ್ನು ಹೊಡೆದುಕೊಂಡು ಹೋದವನು ಐಶಮ್. ಕರ್ನಲ್ ಸಾಹೇಬರ ವಿನಾಯಿತಿ ತಾನಾಗಿಯೇ ಎದ್ದು ನಡೆದುಹೋಗಿತ್ತು. ಅವರೂ ಬಂದೂಕು ಹೊತ್ತು, ಜೀವಮಾನದಲ್ಲಿ ಮೊದಲ ಬಾರಿ ಕಾಲ್ನಡಿಗೆಯಲ್ಲಿ ಹೊರಟರು. ಸ್ಪ್ರೇಬೆರಿ ಸಿಪಾಯಿಯಾದ್ದರಿಂದ ಅವನಿಗೆ ಕರೆ ಬಂದಿರಲಿಲ್ಲ. ಅವನು ಗಿರಣಿಯ ಬಾಗಿಲಲ್ಲಿ ನಿಂತು ಎಲ್ಲರಿಗೂ ಸಲಾಮು ಹೊಡೆದ. ಅವನು ಸರಿಯಾಗಿ ಸಲಾಮು ಹೊಡೆದದ್ದು ಅದೊಂದೇ ಸಲ.

ನದಿಯ ದಂಡೆಯಲ್ಲಿ ಬಿಳಿಗಡ್ಡದ ಜನರಲ್ ಒಬ್ಬರು ಇವರನ್ನು ಉದ್ದಕ್ಕೂ ನೋಡಿದರು. ಇಲ್ಲಿ ಎಲ್ಲರೂ ಅಧಿಕಾರಿಗಳೇ ಇದ್ದೀರಿ. ನಿಮ್ಮಲ್ಲೇ ಒಬ್ಬ ಕ್ಯಾಪ್ಟನನ್ನು ಚುನಾಯಿಸಿಕೊಳ್ಳಿ, ಉಳಿದವರೆಲ್ಲ ಸಿಪಾಯಿಗಳು ಎಂದು ಹೇಳಿ ಹೊರಟುಹೋದರು. ಚೀಟಿ ಬರೆದು ಟೋಪಿಗೆ ಹಾಕಿದ್ದಾಯಿತು. ಬಿಚ್ಚಿ ನೋಡಿದರೆ, ಇಬ್ಬರನ್ನು ಬಿಟ್ಟು ಪ್ರತಿಯೊಬ್ಬನಿಗೂ ಒಂದೊಂದು ಮತ. ಪ್ರತಿಯೊಬ್ಬನೂ ಪಡೆಯಲ್ಲಿ ಅತ್ಯಂತ ಯೋಗ್ಯನಾದವನಿಗೆ ಆತ್ಮಸಾಕ್ಷಿಗೆ ಅನುಗುಣವಾಗಿ ಮತ ಹಾಕಿದ್ದ. ಎರಡು ಮತ ಬಂದವನು ಮೊಬ್ಲಿ. ಒಂದೂ ಬಾರದವನು ಹೆಜೆಕಾಯ. ತನಗೆ ತಾನೇ ಮತ ಹಾಕಿಕೊಳ್ಳುವಂತಿಲ್ಲ ಎಂದು ಅವನು ಅದು ಹೇಗೋ ತಿಳಿದುಕೊಂಡಿದ್ದ.

ಮೊಬ್ಲಿ ಕ್ಯಾಪ್ಟನ್ ಆದ. ಉಳಿದವರು ಸಿಪಾಯಿಗಳಾಗಬೇಕಿತ್ತು, ಆದರೆ ಒಂದಾದರೂ ಮತ ಬಿದ್ದವರು ತಾವು ಸೋತ ಅಭ್ಯರ್ಥಿಗಳೇ ಹೊರತು ಸಿಪಾಯಿಗಳಲ್ಲ ಎಂದು ವಾದಿಸಿದರು. ಕೊನೆಗೆ ಕಂದಕ ತೋಡುವುದು, ನೀರು ತರುವುದು, ಸೌದೆ ಒಡೆಯುವುದು ಎಲ್ಲ ಹೆಜೆಕಾಯನ ಪಾಲಿಗೆ ಬಂತು. ಅವನು ಬೇಸರಪಡಲಿಲ್ಲ. ತೋಡುತ್ತಿರುವಾಗ ತಲೆ ಕಂದಕದೊಳಗೆ ಇರುತ್ತಿತ್ತು. ಮೇಲೆ ನಿಂತು ಮೇಲ್ವಿಚಾರಣೆ ಮಾಡುತ್ತಿದ್ದ ಸಂಬಳದ ಅಧಿಕಾರಿಯ ಟೋಪಿಯನ್ನು ಒಂದು ಗುಂಡು ಹಾರಿಸಿಕೊಂಡು ಹೋದ ಮೇಲೆ ಎಲ್ಲರಿಗೂ ತೋಡುವುದರಲ್ಲಿ ಆಸಕ್ತಿ ಹುಟ್ಟಿತು. ಅದೇ ಮಧ್ಯಾಹ್ನ ಫಿರಂಗಿಗಳು ಶುರುವಾದವು. ಹೆಜೆಕಾಯ ಗುದ್ದಲಿಯನ್ನು ತಬ್ಬಿಕೊಂಡು ಪರ್ಮೀಲಿಯಾಳ ಹೆಸರು ಹೇಳುತ್ತ ಮಣ್ಣಿನಲ್ಲಿ ಮುಖವಿಟ್ಟು ಮಲಗಿದ್ದ. ಪಕ್ಕದಲ್ಲಿ ಕರ್ನಲ್ ಪ್ರೂಯಿಟ್ ತಮ್ಮ ಬೂಟು ತಾವೇ ಕಚ್ಚಿಕೊಂಡು ಮುದುಡಿದ್ದರು.

ಸಂಜೆಗೆ ಹಿಂದೆ ಸರಿಯಲು ಅಪ್ಪಣೆ ಬಂತು. ಮಂಜು ಕವಿದಿತ್ತು. ದಾರಿ ಕವಲೊಡೆದಲ್ಲಿ ಪಡೆ ನಿಂತಿತು. ಕ್ಯಾಪ್ಟನ್ ಮೊಬ್ಲಿ ಎಡಕ್ಕೆ ಎಂದ. ಒಂದೇ ಮತದ ಅಂತರದಿಂದ ಗೆದ್ದವನ ಮಾತನ್ನು ಯಾರು ಕೇಳುತ್ತಾರೆ? ಕರ್ನಲ್ ಬಲಕ್ಕೆ ಎಂದರು. ನಡುವೆಯೇ ಹೋಗಬೇಕು ಎಂದವನು ವೈದ್ಯ. ಅಲ್ಲಿ ದಾರಿಯೇ ಇರಲಿಲ್ಲ. ಇವರು ವಾದಿಸುತ್ತಿರುವಾಗ ಹೆಜೆಕಾಯ ನೀರಿನ ಬಕೆಟ್ ಹಿಡಿದು ಮೂಗರಳಿಸಿ ಒಂದು ದಿಕ್ಕಿಗೆ ನಡೆಯತೊಡಗಿದ. ಅವನಿಗೆ ಯಾವ ಹುದ್ದೆಯೂ ಇಲ್ಲವಾದ್ದರಿಂದ ಅವನ ಹಿಂದೆ ಹೋದರೆ ಯಾರ ಮರ್ಯಾದೆಗೂ ಕುಂದಿಲ್ಲ ಎಂದು ಎಲ್ಲರೂ ಹಿಂಬಾಲಿಸಿದರು.

ಅವನನ್ನು ಕರೆದದ್ದು ಕಾಫಿಯ ವಾಸನೆ. ಗೆಣಸಿನ ಕಷಾಯವಲ್ಲ, ಅಪ್ಪಟ ಕಾಫಿ. ಮೂರು ವರ್ಷದಿಂದ ದಕ್ಷಿಣದಲ್ಲಿ ಯಾರೂ ಕುಡಿಯದ ಕಾಫಿ ತಮ್ಮವರ ಬಿಡಾರಕ್ಕೆ ಹೇಗೆ ಬಂತು ಎಂದು ಅಷ್ಟು ಜನ ಅಧಿಕಾರಿಗಳಲ್ಲಿ ಒಬ್ಬನೂ ಯೋಚಿಸಲಿಲ್ಲ. ಮಂಜು ಸರಿದಾಗ ಸುತ್ತಲೂ ನೀಲಿ ಅಂಗಿಯ ಉತ್ತರದವರು ತಟ್ಟೆ ಹಿಡಿದು ಊಟಕ್ಕೆ ಕೂತಿದ್ದರು. ಅವರೂ ಗಾಬರಿಯಾದರು. ಹೆಜೆಕಾಯ ಬಕೆಟ್ ಕೆಳಗಿಟ್ಟು, ನೀರು ಬೇಕಾ ಎಂದು ಕೇಳಿದ.

ಸೆರೆಸಿಕ್ಕವರನ್ನು ಸಾಲಾಗಿ ನಿಲ್ಲಿಸಿದರು. ಅಧಿಕಾರಿಗಳನ್ನು ದೂರದ ಉತ್ತರದಲ್ಲಿ, ಮಂಜುಗಟ್ಟುವ ಸರೋವರದ ನಡುವಿನ ದ್ವೀಪದ ಸೆರೆಗೆ ಕಳಿಸುತ್ತಾರೆ, ಬಡ ಸಿಪಾಯಿಗಳಿಂದ ಪ್ರಮಾಣ ಮಾಡಿಸಿ ಮನೆಗೆ ಬಿಡುತ್ತಾರೆ ಎಂಬ ಸುದ್ದಿ ಸಾಲಿನ ಈ ತುದಿಯಿಂದ ಆ ತುದಿಗೆ ಕ್ಷಣದಲ್ಲಿ ಹರಿಯಿತು. ಉತ್ತರದ ಸಾರ್ಜೆಂಟ್ ಒಬ್ಬೊಬ್ಬರ ಹುದ್ದೆ ಕೇಳುತ್ತ ಬಂದ. ಸಿಪಾಯಿ ಎಂದ ಮೊಬ್ಲಿ. ಸಿಪಾಯಿ ಎಂದ ವೈದ್ಯ. ಬರೀ ಸಿಪಾಯಿ, ಅದೂ ಬಲವಂತಕ್ಕೆ ಎಂದರು ಕರ್ನಲ್ ಪ್ರೂಯಿಟ್. ಹುಟ್ಟಿದಂದಿನಿಂದ ಸಿಪಾಯಿಗಳಿಲ್ಲದೆ ಒದ್ದಾಡಿದ ಪಡೆಗೆ ಆ ಒಂದು ಗಳಿಗೆಯಲ್ಲಿ ಬೇಕಾದಷ್ಟು ಸಿಪಾಯಿಗಳು ಸಿಕ್ಕಿಬಿಟ್ಟರು.

ಹೆಜೆಕಾಯನ ಸರದಿ ಬಂದಾಗ ಅವನು ತಡವರಿಸಿದ. ಬೈಬಲ್ ಮುಟ್ಟಿ ಹೇಳಿದ್ದನ್ನು ಇಲ್ಲವೆನ್ನುವುದು ಹೇಗೆ?

"ಕಾಗದದಲ್ಲಿ ಮೇಜರ್ ಸ್ವಾಮಿ. ಚುನಾವಣೇಲಿ ಸಿಪಾಯಿ. ನಾನು ಹೋಗಿದ್ದು ಉಪ್ಪಿಗೆ," ಎಂದ.

ಸಾರ್ಜೆಂಟ್ ಅವನನ್ನೇ ನೋಡುತ್ತ ನಿಂತ. ಆಮೇಲೆ ಹೇಸರಗತ್ತೆಗಳ ಬಂಡಿಯ ಬಳಿ ಇದ್ದವನನ್ನು ಕೂಗಿ, ಇವರೆಲ್ಲ ನಿಮ್ಮೂರಿನ ಕಡೆಯವರಾ ನೋಡು ಎಂದ. ನೀಲಿ ಅಂಗಿ ತೊಟ್ಟ ಐಶಮ್ ಕೈ ಒರೆಸಿಕೊಳ್ಳುತ್ತ ಬಂದ. ಸಾಲಿನ ಮುಂದೆ ನಿಧಾನವಾಗಿ ನಡೆದ. ಔತಣದ ಬಾಗಿಲಲ್ಲಿ ಕೂಗುತ್ತಿದ್ದ ಅದೇ ಗಂಭೀರ ದನಿಯಲ್ಲಿ, ಒಂದನ್ನೂ ತಪ್ಪದೆ, ಕ್ಯಾಪ್ಟನ್ ಮೊಬ್ಲಿಯವರು, ವೈದ್ಯಾಧಿಕಾರಿಗಳು, ಸಂಬಳದ ಅಧಿಕಾರಿಗಳು ಎಂದು ಒಬ್ಬೊಬ್ಬರನ್ನೇ ಹುದ್ದೆ ಸಮೇತ ಸ್ವಾಗತಿಸುತ್ತ ಬಂದ.

"ಕರ್ನಲ್ ಪ್ರೂಯಿಟ್ ಅವರು," ಎಂದು ಕೊನೆಗೆ ನಿಂತ.

"ಐಶಮ್," ಎಂದರು ಕರ್ನಲ್ ಸಣ್ಣ ದನಿಯಲ್ಲಿ, "ನಿನಗೆ ನಾನು ಏನೇನು ಮಾಡಿದೀನಿ, ಮರೆತುಬಿಟ್ಯಾ?"

"ಮರೆತಿಲ್ಲ. ಇವರ ಮುಂದೆ ಎಲ್ಲಾ ಹೇಳ್ಲಾ?"

ಕರ್ನಲ್ ಒಂದು ಹೆಜ್ಜೆ ಹಿಂದೆ ಸರಿದು ಸಾಲಿನಲ್ಲಿ ಸೇರಿಕೊಂಡರು.

"ಇವನು?" ಎಂದು ಸಾರ್ಜೆಂಟ್ ಹೆಜೆಕಾಯನ ಕಡೆ ತೋರಿಸಿದ. "ಮೇಜರ್ ಅಂತಿದ್ದಾನೆ."

ಐಶಮ್ ಅಲ್ಲವೆಂದು ತಲೆಯಾಡಿಸಿದ. "ಇವರನ್ನ ನಾನು ಯಾವತ್ತೂ ಕೂಗಿಲ್ಲ. ಇವರು ಕುರ್ಚಿ ಮಾಡೋರು." ಅಷ್ಟು ಹೇಳಿ ಬಂಡಿಯ ಕಡೆ ಹೋದ. ಅವನಿಗೆ ಬೇರೆ ಕೆಲಸವಿತ್ತು.

ಅಧಿಕಾರಿಗಳೆಲ್ಲ ದ್ವೀಪಕ್ಕೆ ಹೋದರು. ಯುದ್ಧ ಮುಗಿದ ಮೇಲೆ ಬಡವಾಗಿ ಹಿಂದಿರುಗಿದರು. ಆದರೆ ಅಂದಿನಿಂದ ಸಾಯುವವರೆಗೂ ಕರ್ನಲ್, ಕ್ಯಾಪ್ಟನ್ ಎಂದೇ ಕರೆಸಿಕೊಂಡರು. ಗವರ್ನರ್ ಕೊಟ್ಟಾಗ ನಗೆಪಾಟಲಾಗಿದ್ದ ಹುದ್ದೆಯನ್ನು ಶತ್ರುಗಳೇ ಸೆರೆಗೆ ಹಾಕಿ ಕಾಯಂ ಮಾಡಿಕೊಟ್ಟಿದ್ದರು. ಹೆಜೆಕಾಯನಿಗೆ ಆ ಭಾಗ್ಯವಿರಲಿಲ್ಲ. ಸಾರ್ಜೆಂಟ್ ಅವನ ಕೈಗೆ ಒಂದು ಲೋಟ ಕಾಫಿ ಕೊಟ್ಟು, ಮತ್ತೆ ಬಂದೂಕು ಹಿಡಿಯುವುದಿಲ್ಲವೆಂದು ಪ್ರಮಾಣ ಮಾಡಿಸಿ, ಸೈನ್ಯ ದಾಟಿಹೋದ ದಾರಿ ತೋರಿಸಿ ಮನೆಗೆ ಕಳಿಸಿದ.

ಪರ್ಮೀಲಿಯಾ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಗಂಡ ಗೇಟು ತೆಗೆದು ಬರುವುದನ್ನು ಕಂಡು ಬುಟ್ಟಿ ಕೆಳಗಿಟ್ಟಳು. ಎದ್ದು ಬಂದು ಅವನ ಎರಡು ಕೈ, ಎರಡು ಕಾಲು, ಎರಡು ಕಿವಿ ಇರುವುದನ್ನು ಮುಟ್ಟಿ ನೋಡಿಕೊಂಡಳು. ಸೆರಗಿಲ್ಲದ ಊರು, ಮೇಲಂಗಿಯ ತುದಿಯಲ್ಲೇ ಮೂಗೊರೆಸಿಕೊಂಡು ಅವನನ್ನು ಮೆಟ್ಟಿಲ ಮೇಲೆ ಕೂರಿಸಿದಳು.

"ಉಳಿದೋರೆಲ್ಲ ಎಲ್ಲಿ?"

"ಅವರು ಅಧಿಕಾರಿಗಳು ಕಣೆ. ಮುಂದೆ ಹೋದ್ರು."

"ನೀವು ನಮ್ಮವರ ಕಡೇನೂ ಇದ್ದು, ಅವರ ಕಡೇನೂ ಹೋಗಿ ಬಂದಿದ್ದೀರಿ," ಎಂದಳು ಪರ್ಮೀಲಿಯಾ. "ಗೆಲ್ತಾ ಇರೋರು ಯಾರು?"

ಹೆಜೆಕಾಯ ಟೋಪಿ ತೆಗೆದು ತಲೆ ಕೆರೆದುಕೊಂಡ. ಬಹಳ ಹೊತ್ತು ಯೋಚಿಸಿದ.

"ಅಯ್ಯೋ, ಕೇಳೋದೇ ಮರ್ತೆ," ಎಂದ.